ತಂಪು ಗಾಳಿ ಕುಡಿದ ಕಾರು

ನನಗೆ ಸಿಟ್ಟು ಬೇಗ ಬರುತ್ತದೆ. ಹೋದ ಡಿಸೆಂಬರಿನ ತನಕ ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇರಲಿಲ್ಲ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ನಿಮ್ಮೂರಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಅದಕ್ಕೂ ನನಗೆ ಸಿಟ್ಟು. ಡಿಸೆಂಬರಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಹಾಲಿಗೆ ನಿಂತ ನಮ್ಮನ್ನು ಅವರು ಬಂದು ನೋಡಲಿ.

ಎರಡು ವರ್ಷದ ಹಿಂದೆ, ಅಂಥದೇ ಚಳಿಯಲ್ಲಿ, ಒಂದು ಟರ್ಬೋ ಕಾರು ಕೊಂಡೆ. ಕಾಲು ಇಟ್ಟರೆ ಹಾರುತ್ತಿತ್ತು. ಏಪ್ರಿಲ್ ಬಂದದ್ದೇ ತಡ, ಮದುವೆ ಊಟ ಮಾಡಿದ ಬೀಗನ ಹಾಗೆ ಏದುಸಿರು ಬಿಡತೊಡಗಿತು. ಶೋರೂಮಿಗೆ ಹೋಗಿ ಕೂಗಾಡಿದೆ. ಅಲ್ಲಿಯವರು ನಕ್ಕು ನೀರು ಕೊಟ್ಟರು. ಸಿಟ್ಟಿನವನಿಗೆ ನಗುತ್ತ ನೀರು ಕೊಡುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಕೊನೆಗೆ ಕೌಲ್ ಬಜಾರಿನ ಮೆಕ್ಯಾನಿಕ್ ಹುಸೇನ್ ಸಾಬರ ಹತ್ತಿರ ಒಯ್ದೆ. ಅವರು ಬಾನೆಟ್ ಎತ್ತಿ, ಕಿವಿಗೊಟ್ಟು, ಮತ್ತೆ ಮುಚ್ಚಿದರು.

"ಗಾಡಿ ಛಲೋ ಐತ್ರಿ ಸರ್. ಗಾಳಿ ಬಿಸಿ ಐತಿ, ಅಷ್ಟ."

ಈ ಮಾತಿಗೆ ಬಂದ ಸಿಟ್ಟು ಮಾತ್ರ ನನ್ನ ಮೇಲೆಯೇ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು ನಾನು. ಟರ್ಬೋ ಎಂದರೆ ಏನು? ಎಂಜಿನ್ ಬಿಟ್ಟ ಹೊಗೆಯಿಂದಲೇ ತಿರುಗುವ ಒಂದು ಪುಟ್ಟ ಫ್ಯಾನು. ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಶಕ್ತಿ ಹೆಚ್ಚು. ಆದರೆ ಗಾಳಿಯೂ ನಮ್ಮ ಬಸ್ಸಿನ ಜನರ ಹಾಗೆ. ಸೆಕೆಗೆ ಕೈಕಾಲು ಚಾಚಿಕೊಂಡು ಇಬ್ಬರ ಸೀಟಿನಲ್ಲಿ ಒಬ್ಬರೇ ಕೂರುತ್ತಾರೆ, ಚಳಿಗೆ ಮೂವರು ಒತ್ತಿಕೊಂಡು ಕೂರುತ್ತಾರೆ. ತಂಪು ಗಾಳಿ ಹಾಗೆ ಒತ್ತಾಗಿ ಒಳಗೆ ಹೋಗುತ್ತದೆ, ಕಾರು ಹಾರುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಶೋರೂಮಿನಲ್ಲಿ ಕೂಗಾಡಿದ್ದೆ.

ಮುಂದೆ ಚಳಿಗಾಲಕ್ಕಾಗಿ ಕಾಯುವುದೇ ನನ್ನ ಕೆಲಸವಾಯಿತು. ಚಳಿ ಬಿದ್ದಿತೆಂದರೆ ಬೆಳಗ್ಗೆ ಎದ್ದವನೇ ಕಾರು ಚಾಲೂ ಮಾಡಿ, ಸಿರುಗುಪ್ಪದ ದಾರಿ ಹಿಡಿದು, ಪೆಡಲನ್ನು ತಳಕ್ಕೆ ಒತ್ತುವುದು; ಮನೆಗೆ ಬಂದವನೇ ಟಕ್ಕನೆ ಆರಿಸಿ ಚಹಾಕ್ಕೆ ಓಡುವುದು. ಅರವತ್ತರ ಹತ್ತಿರದ ಮನುಷ್ಯನಿಗೆ ಇನ್ನೇನು ಹುಡುಗಾಟ ಉಳಿದಿರುತ್ತದೆ, ಹೇಳಿ?

ದೇಶನೂರಿನಲ್ಲಿ ನನ್ನ ತಂಗಿ ಗಂಗಮ್ಮ ಇದ್ದಾಳೆ. ಭತ್ತದ ಗದ್ದೆಯೆಲ್ಲ ಅವಳದೇ ಕಾರುಬಾರು, ಟ್ರ್ಯಾಕ್ಟರ್ ಅವಳೇ ಹೊಡೆಯುತ್ತಾಳೆ. ಹೋದ ಡಿಸೆಂಬರಿನಲ್ಲಿ ಅವಳ ಮಗಳಿಗೆ ಕುಬಸ. ಚೊಚ್ಚಲ ಬಸುರಿ ಮಗಳಿಗೆ ಹಸಿರು ಸೀರೆ, ಬಳೆ, ಬುತ್ತಿ ಎಲ್ಲ ಹೊತ್ತುಕೊಂಡು ಕುರುಗೋಡಿನ ಬೀಗರ ಮನೆಗೆ ಹೋಗಬೇಕು. ಹಿಂದಿನ ದಿನವೇ ನಾನು ದೇಶನೂರಿಗೆ ಹೋಗಿದ್ದೆ. ಅವಳ ಗಂಡ, ನೆಂಟರು ಟೆಂಪೋದಲ್ಲಿ. ಬುಟ್ಟಿಗಳು ಮತ್ತು ನಾವಿಬ್ಬರು ಕಾರಿನಲ್ಲಿ ಎಂದಾಯಿತು. ಬೆಳಗ್ಗೆ ಮೈ ನಡುಗುವ ಚಳಿ. ನನಗೆ ಹುರುಪು ಬಂದು, ನೀನೇ ಹೊಡಿ ಎಂದು ಕೀಲಿ ಅವಳ ಕೈಗೆ ಕೊಟ್ಟೆ. ಚಾಲೂ ಮಾಡಿ ಅವಳು ಸುಮ್ಮನೆ ಕೂತಳು.

"ಯಾಕ, ನಡಿಯಲ್ಲ?"

"ತಡಿ ಅಣ್ಣಾ, ಒಂದೆರಡು ನಿಮಿಷ. ಎಂಜಿನ್ ಸ್ವಲ್ಪ ಕಾಯ್ಲಿ."

"ಇದು ನಿನ್ನ ಟ್ರ್ಯಾಕ್ಟರ್ ಅಲ್ಲಬೇ! ಒತ್ತು, ಚಳಿಯಾಗ ಹೆಂಗ ಹೋಗತೈತಿ ನೋಡು."

ಒತ್ತಿದಳು. ಕಾರು ಚಿಮ್ಮಿತು. ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದ ಕಡೆ ಮಾತ್ರ ಅವಳು ನಿಧಾನಿಸಿದಳು, ಉಳಿದ ಕಡೆ ನಾನು ಬಿಡಲಿಲ್ಲ. ಕುರುಗೋಡು ಇನ್ನೇನು ಬಂತು ಎನ್ನುವಾಗ ಬಾನೆಟ್ಟಿನೊಳಗೆ ಸೀಟಿ ಊದಿದಂಥ ಸದ್ದು. ಹಿಂದೆಯೇ ಕಾರಿನ ಜೀವ ಹೋದಂತಾಯಿತು. ಎಷ್ಟು ಒತ್ತಿದರೂ ತೆವಳುತ್ತದೆ, ಹಿಂದೆ ನೀಲಿ ಹೊಗೆ. ಹಾಗೆಯೇ ತೆವಳಿಸಿಕೊಂಡು ಅವಳು ಬೀಗರ ಬಾಗಿಲಿಗೆ ತಂದು ನಿಲ್ಲಿಸಿದಳು. ಆರತಿ ಹಿಡಿದು ನಿಂತ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

ನಾನು ಇಳಿದವನೇ ಕೂಗಿದೆ.

"ಗದ್ಯಾಗ ಕೆಸರು ತುಳಿಯೋರಿಗೆ ಕಾರು ಕೊಟ್ಟಿದ್ದು ನನ್ನ ತಪ್ಪು! ಏನು ಹೊಡಿತಿದ್ದೀ ಅಂತ ಖಬರ್ ಐತೇನ ನಿನಗ?"

ಇನ್ನೂ ಏನೇನೋ ಅಂದೆ. ಬರೆಯುವುದಕ್ಕೆ ಕೈ ಬರುವುದಿಲ್ಲ. ಬೀಗರ ಬಾಗಿಲಲ್ಲಿ, ಮಗಳ ಕುಬಸದ ದಿನ, ಒಡಹುಟ್ಟಿದವನ ಬಾಯಿಂದ. ಗಂಗಮ್ಮ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹಾಡು ಹೇಳುವಾಗ ಅವಳ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ನಾನು ಊಟ ಮಾಡದೆ, ಕಾರು ಎಳೆಸಿಕೊಂಡು ಬಳ್ಳಾರಿಗೆ ಬಂದೆ.

ಹುಸೇನ್ ಸಾಬರು ಟರ್ಬೋ ಬಿಚ್ಚಿ ಅದರ ಸಣ್ಣ ದಂಡವನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದರು. ಸಡಿಲ ಹಲ್ಲಿನ ಹಾಗೆ ಅಲುಗುತ್ತಿತ್ತು.

"ನನ್ನ ತಂಗಿ ಒಂದೇ ಮುಂಜಾನಿಗೆ ಹಾಳು ಮಾಡಿದ್ಲು," ಎಂದೆ.

"ಒಂದು ಮುಂಜಾನಿ ಕೆಲಸ ಅಲ್ಲರಿ ಇದು, ತಿಂಗಳುಗಟ್ಲೆ ಸವದೈತಿ. ಚಳಿಗೆ ಎಣ್ಣಿ ಮಂದ ಆಗಿರ್ತೈತಿ, ಇಲ್ಲಿ ಮಟ ಬರಾಕ ಹೊತ್ತು ಬೇಕು. ಅಷ್ಟರಾಗ ಯಾರೋ ಜೋರು ಒತ್ಯಾರ. ಓಡಿ ಬಂದ ಮ್ಯಾಲೆ ಒಂದು ನಿಮಿಷ ಆರಾಕೂ ಬಿಟ್ಟಿಲ್ಲ, ಎಣ್ಣಿ ಒಳಗ ಸುಟ್ಟು ಕರಕಾಗೇತಿ. ದಿನಾ ಯಾರು ಹೊಡಿತಾರ್ರಿ?"

ನಾನು ಆ ದಂಡವನ್ನು ನನ್ನ ಬೆರಳಿನಲ್ಲೂ ಅಲ್ಲಾಡಿಸಿ ನೋಡಿದೆ. ಅವರಿಗೆ ಗೊತ್ತಾಯಿತು; ದೊಡ್ಡ ಮನಸ್ಸಿನವರು, ಬೇರೆ ಗಾಡಿಯ ಕಡೆಗೆ ತಿರುಗಿದರು. ಪುಸ್ತಕದಲ್ಲಿದ್ದ ಗಾಳಿಯ ಪಾಠ ನನಗೆ ಬಾಯಿಪಾಠವಿತ್ತು, ಎಣ್ಣೆಯ ಪಾಠ ನನ್ನ ತಂಗಿಗೆ ಗೊತ್ತಿತ್ತು. ತಡಿ ಎಂದವಳಿಗೆ ಒತ್ತು ಎಂದವನು ನಾನು, ಒತ್ತಿದ್ದಕ್ಕೆ ಬೈದವನೂ ನಾನು. ಆ ದಿನ ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾರ ಮೇಲೂ ತೀರಿಸಿಕೊಳ್ಳಲು ಆಗಲಿಲ್ಲ.

ಗಂಗಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ. ನಾಲ್ಕನೆಯ ದಿನ ಬಸ್ಸು ಹತ್ತಿ ದೇಶನೂರಿಗೆ ಹೋದೆ. ಅಂಗಳದಲ್ಲಿ ಭತ್ತ ತೂರುತ್ತಿದ್ದಳು. ತಪ್ಪಾಯಿತು ಗಂಗಾ ಎಂದೆ. ಮೊರ ಕೆಳಗಿಡದೆ ಹೇಳಿದಳು:

"ಬೈದಿದ್ದು ಇಲ್ಲೇನು? ನನ್ನ ಬೀಗರ ಮುಂದ ಬೈದಿ. ಅಲ್ಲೇ ಬಂದು ಹೇಳು."

ಮರುದಿನ ಇಬ್ಬರೂ ಬಸ್ಸಿನಲ್ಲಿ ಕುರುಗೋಡಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು, ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಬೀಗಿತಿ ಬಾಗಿಲಿಗೇ ಬಂದರು. ನಾನು ಕೈಮುಗಿದು, ಆ ದಿನ ನಾನು ಬೈದದ್ದು ಎಂದು ಶುರು ಮಾಡಿದೆ.

"ಅಯ್ಯ, ಬಿಡ್ರಿ ಅಣ್ಣಾರ," ಎಂದರು ಆಕೆ, ಒಳ್ಳೆಯ ಮನಸ್ಸಿನಿಂದ. "ಆ ಹೊಗಿಯಾಗ ನಿಮ್ಮ ಮುಖಾನೂ ಕಾಣಲಿಲ್ಲ, ಮಾತೂ ಕೇಳಲಿಲ್ಲ. ಒಳಗ ಬರ್ರಿ, ಚಹಾ ಕುಡೀರಿ."

ಬದುಕಿದೆ ಎಂದುಕೊಂಡು ಚಪ್ಪಲಿ ಬಿಡಲು ಹೋದೆ. ಹಿಂದಿನಿಂದ ಗಂಗಮ್ಮ ನನ್ನ ತೋಳು ಹಿಡಿದಳು.

"ಅವರಿಗೆ ಕೇಳದಿದ್ರೂ ನನಗ ಕೇಳೇತಿ. ಬೈಯೋ ಮುಂದ ಎಷ್ಟು ಗಟ್ಟಿ ಇತ್ತೋ, ಅಷ್ಟ ಗಟ್ಟಿ ಹೇಳು ಅಣ್ಣಾ."

ಹೇಳಿದೆ. ಎದುರು ಮನೆಯ ಮಾಳಿಗೆಯಿಂದ ಇಬ್ಬರು ಬಗ್ಗಿ ನೋಡುವಷ್ಟು ಗಟ್ಟಿಯಾಗಿ.