ಗೊಣಗನ ನೀರು, ಲೋರ್ನಾಳ ಕಿಟಕಿ

ನನ್ನ ಭಾವ ಆರ್ಡೆಲ್ ಇಂಗಲ್ಸ್ ಎಪ್ಪತ್ತೈದನೇ ವಯಸ್ಸಿನಲ್ಲಿ ಹಳೇ ಎಲೆಕ್ಟ್ರಿಕ್ ಕಾರೊಂದನ್ನು ಹಡಗಿಗೆ ಹತ್ತಿಸಿಕೊಂಡು ನಮ್ಮ ಹ್ಯಾಡಕ್ ದ್ವೀಪಕ್ಕೆ ತಂದಾಗ ಬಂದರಿನ ಧಕ್ಕೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇನ್ನೇನು ಮಾಡ್ತಾರೆ? ಕೆನಡಾದ ಫಂಡಿ ಕೊಲ್ಲಿಯ ನಡುವೆ ಕೂತ ಊರು ನಮ್ಮದು. ಕರೆಂಟು ಸಮುದ್ರದ ತಳದ ಕೇಬಲ್ಲಿನಲ್ಲಿ ಆಚೆ ದಡದಿಂದ ಬರಬೇಕು. ಚಳಿಗಾಲದಲ್ಲಿ ಅದು ಕೈಕೊಟ್ಟರೆ ಧಕ್ಕೆಯ ಡೀಸೆಲ್ ಜನರೇಟರು ಕೆಮ್ಮುತ್ತಾ ಎದ್ದು, ಈ ದಿಕ್ಕಿಗೆ ಎರಡು ಗಂಟೆ, ಆ ದಿಕ್ಕಿಗೆ ಎರಡು ಗಂಟೆ ಅಂತ ಬೆಳಕು ಹಂಚುತ್ತದೆ.

"ಇದಕ್ಕೆ ಕರೆಂಟು ಎಲ್ಲಿಂದ ತರ್ತೀರಿ ಭಾವ, ಜೇಬಿನಿಂದಲಾ?" ಅಂದೆ.

"ಗೊಣಗ ಕೊಡ್ತಾನೆ ವಿಲ್ಡಾ. ಇವತ್ತಲ್ಲ ನಾಳೆ."

ಗೊಣಗ ಅಂದರೆ ನಮ್ಮ ದ್ವೀಪಕ್ಕೂ ಸೀಲ್ ಬಂಡೆಗೂ ನಡುವಿನ ಇಕ್ಕಟ್ಟು ನೀರಿನ ಕಂಡಿ. ದಿನಕ್ಕೆರಡು ಸಲ ಸಮುದ್ರ ಅದರೊಳಗೆ ನುಗ್ಗುತ್ತದೆ, ಎರಡು ಸಲ ವಾಪಸು ಓಡುತ್ತದೆ. ಹಾಗೆ ಓಡುವಾಗ ಮಾಡುವ ಸದ್ದಿಗೇ ಆ ಹೆಸರು. ಭಾವ ಮೂವತ್ತು ವರ್ಷ ಅದರಲ್ಲಿ ಮೀನುಬೇಲಿ ಕಟ್ಟಿದವರು. ಮರದ ಕಂಬಗಳನ್ನು ತಳಕ್ಕೆ ಹೊಡೆದು ಸುತ್ತ ಬಲೆ ಬಿಗಿದರೆ ಹೆರಿಂಗ್ ಮೀನು ಒಳಗೆ ಬಂದು ಸುತ್ತುತ್ತಾ ಇರುತ್ತದೆ. ಆದರೆ ವರ್ಷಕ್ಕೊಂದು ಸಲವಾದರೂ ಗೊಣಗ ಆ ಕಂಬಗಳನ್ನು ಕಡ್ಡಿ ಮುರಿದಂತೆ ಮುರಿಯುತ್ತಿದ್ದ. ಬೇರೆಯವರಾಗಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಈ ಮನುಷ್ಯ ದಡದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು.

"ಇಷ್ಟು ಬಲ ಸುಮ್ಮನೆ ಹೋಗ್ತಿದೆಯಲ್ಲೇ ಲೋರ್ನಾ. ಇವನನ್ನು ಒಂದು ದಿನ ಮನೆಗೆ ಕರಕೊಂಡು ಬರಬೇಕು."

"ಕರಕೊಂಡು ಬನ್ನಿ, ಒಂದು ತಟ್ಟೆ ಜಾಸ್ತಿ ಇಡ್ತೀನಿ," ಅನ್ನುತ್ತಿದ್ದಳು ನಮ್ಮಕ್ಕ, ಬಲೆ ಹೆಣೆಯುತ್ತಲೇ.

ಸಂಜೆ ಒಲೆ ಮುಂದೆ ಕೂತರೆ ಅದೇ ಮಾತು. ಗಾಳಿಯನ್ನು ಬೇಡಿಕೊಳ್ಳಬೇಕು, ಬಿಸಿಲನ್ನು ಕಾಯಬೇಕು. ಗೊಣಗ ಹಾಗಲ್ಲ, ನೂರು ವರ್ಷದಾಚೆ ಯಾವ ಮಂಗಳವಾರ ಎಷ್ಟು ಹೊತ್ತಿಗೆ ಬರ್ತಾನೆ ಅಂತ ಇವತ್ತೇ ಬರೆದಿಡಬಹುದು. ಅವನ ನೀರಿನಲ್ಲಿ ಒಂದು ಚಕ್ರ ತಿರುಗಿದರೆ ಮನೆಮನೆಯಲ್ಲಿ ದೀಪ, ರಸ್ತೆಯಲ್ಲಿ ಹೊಗೆಯಿಲ್ಲದ ಕಾರು. ಕೇಳುತ್ತಾ ಕೇಳುತ್ತಾ ನನಗೂ ಕಣ್ಣು ಮಂಪರಾಗಿ, ನೀರಿನಡಿಯಲ್ಲಿ ಬೆಳಕೇ ಹರಿಯುತ್ತಿದೆ ಅನ್ನಿಸುತ್ತಿತ್ತು. ಎಚ್ಚರವಾದ ಮೇಲೆ ಹುಚ್ಚು ಹಿಡಿದಿದೆ ಇವರಿಗೆ ಅಂತ ಬೈದುಕೊಂಡು ಮನೆಗೆ ಹೋಗುತ್ತಿದ್ದೆ.

ಅಕ್ಕ ಹೋಗಿ ಆರು ವರ್ಷವಾಯಿತು. ಇಳಿತದ ಜೊತೆ ಜೀವವೂ ಇಳಿದು ಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅಕ್ಕ ಹಟಮಾರಿ, ಇಳಿತವೆಲ್ಲ ಮುಗಿಯುವವರೆಗೂ ಉಸಿರು ಹಿಡಿದಿದ್ದಳು. ನೀರು ಆಚೆಗೂ ಹೋಗದೆ ಈಚೆಗೂ ಬರದೆ ನಿಲ್ಲುವ ಇಪ್ಪತ್ತು ನಿಮಿಷ ಇರುತ್ತದಲ್ಲ, ಗೊಣಗ ಬಾಯಿ ಮುಚ್ಚುವ ಹೊತ್ತು, ಆಗ ಹೋದಳು. ಅಂದಿನಿಂದ ನಿಂತ ನೀರಿನ ಹೊತ್ತಿಗೆ ಭಾವ ಮನೆಯೊಳಗೆ ಕೂರುವುದಿಲ್ಲ. ಎದ್ದು ಹೋಗಿ ಸೌದೆ ಒಡೆಯುತ್ತಾರೆ.

ಹೋದ ವರ್ಷ ವಸಂತದಲ್ಲಿ ಸೆಲೀನ್ ಆರ್ಸೆನೊ ಅನ್ನುವ ಇಂಜಿನಿಯರ್ ಹುಡುಗಿ ಬಂದಳು. ಅವಳ ಕಂಪನಿಗೆ ಒಂದೇ ಒಂದು ಟರ್ಬೈನು ಇಳಿಸಲು ಜಾಗ ಬೇಕಿತ್ತು. ನಮ್ಮ ಕಂಡಿ, ಇಲ್ಲವೇ ಉತ್ತರದ ಇನ್ನೊಂದು ಕಂಡಿ. ಎಲ್ಲಿ ಸೆಳೆತ ಹೆಚ್ಚೋ ಅಲ್ಲಿ. ಕಂಡಿಯಲ್ಲಿ ಅತಿ ಜೋರಿನ ಜಾಗ ಯಾವುದು ಅಂತ ಅವಳು ಭಾವನನ್ನೇ ಕೇಳಿದಳು.

ನಮ್ಮಲ್ಲಿ ನೀರಿನ ಮೇಲಿನ ಜಾಗಕ್ಕೆ ದಡದ ಗುರುತೇ ವಿಳಾಸ. ಭಾವ ಕುರ್ಚಿಯಲ್ಲೇ ಕಣ್ಣು ಮುಚ್ಚಿಕೊಂಡು ಹೇಳಿದರು, "ನಮ್ಮ ಮೀನಿಗೆ ಹೊಗೆ ಹಾಕುವ ಶೆಡ್ಡಿನ ಮಾಡು ಚರ್ಚಿನ ಗೋಪುರದ ನೇರಕ್ಕೆ ಬರಬೇಕು. ಆ ಕಡೆ ಸೀಲ್ ಬಂಡೆ ದೀಪಸ್ತಂಭವನ್ನು ಮುಚ್ಚಬೇಕು. ಎರಡೂ ಕೂಡಿದ ಕಡೆ ಇಳಿಸು ಮಗಳೇ. ನನ್ನ ಗುರುತು ಇವತ್ತಿನವರೆಗೆ ತಪ್ಪಿಲ್ಲ."

ಸೆಲೀನ್ ಹಾಗೇ ದೋಣಿ ನಿಲ್ಲಿಸಿ ಸೆಳೆತ ಅಳೆಯುವ ಪೆಟ್ಟಿಗೆ ಇಳಿಸಿದಳು. ಒಂದು ತಿಂಗಳು ಕಳೆದು ವಾಪಸು ಬಂದವಳ ಮುಖ ಸಪ್ಪಗಿತ್ತು. ನಾನು ಚಹಾ, ಕಾಕಂಬಿ ಹಾಕಿದ ರೊಟ್ಟಿ ಕೊಟ್ಟೆ. ಮುಟ್ಟಲಿಲ್ಲ.

"ಇಂಗಲ್ಸ್ ಅವರೇ, ಅಲ್ಲಿ ನೀರಿಗೆ ಜೋರೇ ಇಲ್ಲ. ಉತ್ತರದ ಕಂಡಿ ನಿಮ್ಮದರ ಎರಡರಷ್ಟಿದೆ. ನಾಡಿದ್ದು ಕಂಪನಿಗೆ ಜಾಗದ ಹೆಸರು ಕೊಡ್ಬೇಕು. ನಾಳೆ ಸಂಜೆ ಹೊರಡ್ತೀನಿ."

"ನಿನ್ನ ಪೆಟ್ಟಿಗೆ ಕೆಟ್ಟಿರಬೇಕು!"

"ಕೆಟ್ಟಿಲ್ಲ. ಎರಡು ಸಲ ನೋಡಿದೆ."

ಭಾವ ದಡಬಡ ಎದ್ದರು. "ಬಾ ಇಲ್ಲಿ. ತೋರಿಸ್ತೀನಿ. ಅಲ್ಲಿ ನೋಡು ಶೆಡ್ಡು!" ಅಂತ ಪಾತ್ರೆ ತೊಳೆಯುವ ತೊಟ್ಟಿಯ ಮುಂದಿನ ಕಿಟಕಿಯಿಂದ ಬೆರಳು ಚಾಚಿದರು. ಬೆರಳಿನ ತುದಿಯಲ್ಲಿ ಶೆಡ್ಡು ಇರಲಿಲ್ಲ, ಬರೀ ನೀರಿತ್ತು.

ನನಗೂ ಆಗಲೇ ಹೊಳೆದದ್ದು. ಅಯ್ಯೋ ದೇವರೇ! ಮೀನುಬೇಲಿ ಕಟ್ಟುವುದನ್ನು ಬಿಟ್ಟ ವರ್ಷ ಅಕ್ಕ ಹಟ ಹಿಡಿದಿದ್ದಳು. ಮೂವತ್ತು ವರ್ಷ ನಿಮ್ಮ ಶೆಡ್ಡಿನ ಬೆನ್ನು ನೋಡಿಕೊಂಡು ಪಾತ್ರೆ ತೊಳೆದಿದ್ದೇನೆ, ಇನ್ನು ನನಗೆ ಸಮುದ್ರ ಕಾಣಬೇಕು ಅಂತ. ನಮ್ಮ ಕಡೆ ಮನೆಯನ್ನೇ ದಿಮ್ಮಿಗಳ ಮೇಲೆ ಉರುಳಿಸಿ ಬೇಕಾದಲ್ಲಿಗೆ ಒಯ್ಯುತ್ತೇವೆ, ಶೆಡ್ಡು ಯಾವ ಲೆಕ್ಕ? ಹತ್ತು ಜನ ಸೇರಿ ಪಕ್ಕಕ್ಕೆ ಎಳೆದು ಇಟ್ಟೆವು. ಆಮೇಲೆ ಯಾರೂ ಗೊಣಗನಲ್ಲಿ ಬೇಲಿ ಕಟ್ಟಲಿಲ್ಲ, ಯಾರಿಗೂ ಆ ಗುರುತು ಬೇಕಾಗಲಿಲ್ಲ. ಭಾವ ಕಣ್ಣು ಮುಚ್ಚಿಕೊಂಡಾಗ ಮಾತ್ರ ಶೆಡ್ಡು ಹಳೇ ಜಾಗದಲ್ಲೇ ನಿಂತಿರುತ್ತಿತ್ತು.

ಭಾವ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕಿವಿಯವರೆಗೂ ಕೆಂಪಾಗಿದ್ದರು. ಆ ವಯಸ್ಸಿನ ದೋಣಿಯವನಿಗೆ ಗುರುತು ತಪ್ಪಿತು ಅಂತ ಬಾಯಿಬಿಟ್ಟು ಹೇಳುವುದು ಸಣ್ಣ ಮಾತಲ್ಲ.

"ತಪ್ಪು ನಂದು ಮಗಳೇ," ಅಂದರು ಕೊನೆಗೆ. "ಅವಳಿಗೆ ನೀರು ಕಾಣಲಿ ಅಂತ ನಾನೇ ಅದನ್ನು ಸರಿಸಿದ್ದೆ. ಮರೆತೇಬಿಟ್ಟೆ. ಇನ್ನೊಂದೇ ಸಲ ಇಳಿಸ್ತೀಯಾ?"

ಸೆಲೀನ್ ಗಡಿಯಾರ ನೋಡಿಕೊಂಡಳು. "ನಾಳೆ ಒಂದು ಭರತ, ಒಂದು ಇಳಿತ ನೋಡೋಷ್ಟು ಹೊತ್ತಿದೆ. ಆದರೆ ಶೆಡ್ಡು ಅಲ್ಲಿಲ್ವಲ್ಲ, ಗುರುತಿಗೆ ಏನು ಮಾಡ್ತೀರಿ?"

"ವಿಲ್ಡಾ ಇದ್ದಾಳಲ್ಲ," ಅಂದರು ಭಾವ.

ನೋಡಿ ನನ್ನ ಹಣೆಬರಹ! ಶೆಡ್ಡಿದ್ದ ಜಾಗದಲ್ಲಿ ಅಕ್ಕ ರೂಬಾರ್ಬ್ ಅನ್ನುವ ಹುಳಿದಂಟಿನ ಗಿಡ ಹಾಕಿದ್ದಳು, ಈಗಲೂ ತಾನಾಗಿ ಬರುತ್ತದೆ. ಮಾರನೆಯ ಬೆಳಿಗ್ಗೆ ಆ ಗಿಡಗಳ ನಡುವೆ, ದೋಣಿಯ ಹುಟ್ಟಿನ ತುದಿಗೆ ಅಕ್ಕನ ಕೆಂಪು ಕಂಬಳಿ ಕಟ್ಟಿ ಎತ್ತಿ ಹಿಡಿದುಕೊಂಡು ನಿಂತೆ. ಅರವತ್ತೆಂಟು ವರ್ಷದವಳು ನಾನು! ದಾರಿಯಲ್ಲಿ ಹೋಗುವವರು, "ಏನು ವಿಲ್ಡಾ, ಹಡಗು ಕರೀತಿದ್ದೀಯಾ?" ಅಂದರು. "ನಿಮ್ಮಪ್ಪನನ್ನು ಕರೀತಿದ್ದೀನಿ, ಹೋಗ್ರೋ!" ಅಂದೆ. ತೋಳು ಕಿತ್ತು ಬರುತ್ತಿತ್ತು, ಆದರೂ ಇಳಿಸಲಿಲ್ಲ. ದೂರದಲ್ಲಿ, ತೆಳು ಮಂಜಿನ ಆಚೆ, ನೋಯುವ ಮಂಡಿಯ ಮೇಲೆ ನನ್ನ ಭಾವ ದೋಣಿಯಲ್ಲಿ ನೆಟ್ಟಗೆ ನಿಂತಿದ್ದರು. ಒಂದು ಗಳಿಗೆ ನಾನು ಕಂಬಳಿ ಹಿಡಿದಿದ್ದೇನೋ, ಅಕ್ಕನೇ ಹಿಡಿದಿದ್ದಾಳೋ ಗೊತ್ತಾಗಲಿಲ್ಲ. ಆಮೇಲೆ ಅವರು ಕೈ ಎತ್ತಿದರು. ಪೆಟ್ಟಿಗೆ ಇಳಿಯಿತು.

ಸಂಜೆ ಸೆಲೀನ್ ಅಂಕಿ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ರೊಟ್ಟಿ ತೆಗೆದುಕೊಂಡು ಗಬಗಬ ತಿಂದಳು. "ಉತ್ತರದ ಕಂಡಿ ಇದರ ಮುಂದೆ ಏನೂ ಅಲ್ಲ," ಅಂದಳು.

ಟರ್ಬೈನು ಕಂಡಿಗಿಳಿದು, ಈ ಡಿಸೆಂಬರಿನಲ್ಲಿ ಗೊಣಗ ಮನೆಗೆ ಬಂದ. ಮಧ್ಯಾಹ್ನ ಮೂರಕ್ಕೆ ಭಾವನ ಅಡುಗೆಮನೆಯ ದೀಪ ಹತ್ತಿತು, ಅಂಗಳದಲ್ಲಿ ನೀಲಿ ಕಾರು ಕರೆಂಟು ಕುಡಿಯತೊಡಗಿತು. ನಾನು ಮೀನಿನ ಸಾರು ಬಡಿಸಿದೆ. ಭಾವ ಎದ್ದು ಇನ್ನೊಂದು ತಟ್ಟೆ ತಂದು ಮೇಜಿನ ಮೇಲಿಟ್ಟರು. ನಾನು ಅದಕ್ಕೂ ಒಂದು ಸೌಟು ಹಾಕಿದೆ.

ಐದಕ್ಕೆ ಹೊರಗೆ ಕತ್ತಲಾಯಿತು. ಇಳಿತ ಮುಗಿಯಿತು. ಗೊಣಗನ ಸದ್ದು ಸಣ್ಣಗಾಗುತ್ತಾ ನಿಂತೇಹೋಯಿತು. ಭಾವ ಅಭ್ಯಾಸಬಲದಿಂದ ಕೊಡಲಿಗೆ ಕೈ ಹಾಕಿದವರು ತಲೆಯೆತ್ತಿ ದೀಪ ನೋಡಿದರು, ಈಗ ಆರುತ್ತದೆ ಅಂತ ಕಾಯುತ್ತಿದ್ದವರ ಹಾಗೆ.

"ಆರಲ್ಲ ಭಾವ," ಅಂದೆ. "ಸೆಲೀನ್ ಹೇಳಿದ್ದು ಮರೆತ್ರಾ? ನೀರು ಓಡಿದಷ್ಟು ಹೊತ್ತು ಕೊಟ್ಟದ್ದನ್ನೆಲ್ಲ ಧಕ್ಕೆಯ ಬ್ಯಾಟರಿಯಲ್ಲಿ ತುಂಬಿಟ್ಟಿದ್ದಾರೆ. ನೀರು ನಿಂತಾಗ ಅದೇ ಉರಿಯುತ್ತೆ."

"ಕೊಟ್ಟದ್ದೇ ಉರಿಯುತ್ತಾ?"

"ಹೂಂ."

ಅವರು ಕೊಡಲಿ ಬಿಟ್ಟು ಅಕ್ಕನ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಗಾಜಿನಾಚೆ ಕತ್ತಲ ನೀರು ಅಲುಗಾಡದೆ ನಿಂತಿತ್ತು.  ನನಗೆ ಅಳು ಬಂತು, ಅತ್ತುಬಿಟ್ಟೆ. ಭಾವ ಮಾತ್ರ ಆರು ವರ್ಷದಲ್ಲಿ ಮೊದಲ ಸಲ ಆ ಇಪ್ಪತ್ತು ನಿಮಿಷವನ್ನು ಮನೆಯೊಳಗೇ ಕೂತು ಕಳೆದರು.