ಎರಡು ಸಲ ಕೆಳಗೆ, ಆಮೇಲೆ ಎಂಟರ್

೨೦೦೧ರಲ್ಲಿ ನಾನು ಪುಣೆಯ ಸದಾಶಿವ ಪೇಠದ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಎಂಬುದು ವಿಸಿಟಿಂಗ್ ಕಾರ್ಡಿನ ಮೇಲಿನ ಮಾತು. ಸ್ಕೂಟರಿನಲ್ಲಿ ಸ್ಕ್ರೂಡ್ರೈವರುಗಳ ಚೀಲ ಇಟ್ಟುಕೊಂಡು, ಭೋಸರಿಯ ಕಾರ್ಖಾನೆಗಳಿಂದ ಶಿವಾಜಿನಗರದ ವಕೀಲರ ಆಫೀಸುಗಳವರೆಗೆ ಸುತ್ತಿ, ಹೋದಲ್ಲೆಲ್ಲ ಬೈಸಿಕೊಂಡು ಬರುವುದು ನಿಜವಾದ ಕೆಲಸ. ಬೈಸಿಕೊಳ್ಳುವವನಿಗೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಪ್ಲಗ್ ಸಿಕ್ಕಿಸದೆ "ಮಷೀನು ಸತ್ತಿದೆ" ಎಂದು ಫೋನ್ ಮಾಡುವವರನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಶಿವಾಜಿನಗರದ ಕೋರ್ಟಿನ ಹತ್ತಿರ ನಮಗೊಬ್ಬ ಹಿರಿಯ ವಕೀಲರು ಗಿರಾಕಿ. ಮರಾಠಿಯವರು. ಅವರ ಟೈಪಿಸ್ಟ್ ಮಾತ್ರ ನಮ್ಮವರು, ಗದಗಿನ ಕಡೆಯ ಕುಸುಮಾಬಾಯಿ. (ಹೆಸರು ಬದಲಿಸಿದ್ದೇನೆ.) ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಕಾತ್ರಜದಲ್ಲಿ ತಮ್ಮನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ವಕೀಲರು ಕೋಣೆಯಲ್ಲಿ ಅಡ್ಡಾಡುತ್ತ ಇಂಗ್ಲಿಷಿನಲ್ಲಿ ಹೇಳುತ್ತ ಹೋದರೆ, ಅವರ ವಾಕ್ಯ ಮುಗಿಯುವುದಕ್ಕೂ ಇವರ ಬೆರಳು ನಿಲ್ಲುವುದಕ್ಕೂ ಸರಿಯಾಗುತ್ತಿತ್ತು. ಟೈಪ್ ಮಾಡುವಾಗ ಕುಸುಮಾಬಾಯಿ ಕೀಬೋರ್ಡನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಮುಖ ಸದಾ ಗೋಡೆಯ ಕಡೆ. ಅಬ್ಬಾ, ಎಂಥ ಅಭ್ಯಾಸ ಎಂದು ನಾವೆಲ್ಲ ಮೂಗಿನ ಮೇಲೆ ಬೆರಳಿಡುತ್ತಿದ್ದೆವು.

ಅವರ ಕಂಪ್ಯೂಟರ್ 'ಡ್ಯುಯಲ್ ಬೂಟ್' ವ್ಯವಸ್ಥೆಯದು. ಅಂದರೆ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ, ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ವಕೀಲರಿಗೆ ಇ-ಮೇಲ್ ನೋಡಲು ವಿಂಡೋಸ್ ಬೇಕು. ಕುಸುಮಾಬಾಯಿಯವರ ಹಳೆಯ ಟೈಪಿಂಗ್ ಪ್ರೋಗ್ರಾಂ ಓಡುವುದು ಡಾಸ್ ಎಂಬ ಹಳೆಯ ಸಿಸ್ಟಂನಲ್ಲಿ. ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಒಂದು ಮೆನು ಬರುತ್ತದೆ. ಅದರಲ್ಲಿ ಮೊದಲ ಸಾಲು ವಿಂಡೋಸ್ ಎನ್‌ಟಿ, ಎರಡನೆಯದು ಅದೇ ಎನ್‌ಟಿ, ಆದರೆ ಪರದೆ ಕೈಕೊಟ್ಟಾಗ ಬಳಸುವುದಕ್ಕೆ, ಮೂರನೆಯದು ಡಾಸ್. ಕೆಳಗಿಳಿಯುವ ಬಾಣದ ಕೀ ಒತ್ತಿ ಬೇಕಾದ ಸಾಲಿಗೆ ಹೋಗಿ ಎಂಟರ್ ಒತ್ತಿದರೆ ಆ ಬಾಗಿಲು ತೆರೆಯುತ್ತದೆ.

ಒಂದು ಶನಿವಾರ ನಾನೇ ಹೋಗಿ ಎನ್‌ಟಿಯನ್ನು ವಿಂಡೋಸ್ ೨೦೦೦ಕ್ಕೆ ಅಪ್‌ಗ್ರೇಡ್ ಮಾಡಿ ಬಂದೆ. ಎರಡೂ ಬಾಗಿಲು ತೆರೆದು ನೋಡಿದೆ, ಸರಿಯಾಗಿದ್ದವು. ಹೊಸ ವಿಂಡೋಸ್‌ಗೆ ಆ ನಡುವಿನ ಸಾಲು ಬೇಕಿರಲಿಲ್ಲ. ಮೆನು ಎರಡೇ ಸಾಲಿಗೆ ಇಳಿದು ಚೊಕ್ಕಟವಾಗಿ ಕಂಡಿತು.

ಸೋಮವಾರ ಬೆಳಿಗ್ಗೆಯೇ ಫೋನು. ಡಾಸ್ ಹೋಗಿಬಿಟ್ಟಿದೆ, ಏನು ಮಾಡಿದರೂ ವಿಂಡೋಸೇ ಬರುತ್ತದೆ ಎಂದು. ಓಡಿದೆ. ನಾನು ಚಾಲೂ ಮಾಡಿದರೆ ಡಾಸ್ ಸರಾಗವಾಗಿ ಬಂತು. "ಮೆನು ಬರ್ತದಲ್ರಿ ಬಾಯಾರ, ಓದಿ ಆರಿಸ್ರಿ, ಮುಗೀತು," ಎಂದೆ. "ಆತಪಾ," ಎಂದರು. ಮಂಗಳವಾರ ಮತ್ತೆ ಫೋನು, ಮತ್ತೆ ಅದೇ ದೂರು. ಮತ್ತೆ ನನ್ನ ಕೈಯಲ್ಲಿ ಎಲ್ಲ ಸರಿ! ಸರ್ವಿಸ್ ರಿಪೋರ್ಟಿನಲ್ಲಿ 'ದೋಷ ಕಂಡುಬಂದಿಲ್ಲ' ಎಂದು ಬರೆದು, ಸಹಿ ಹಾಕಿಸಿಕೊಂಡು, ಮನಸ್ಸಿನಲ್ಲೇ ಬೈದುಕೊಳ್ಳುತ್ತ ಸ್ಕೂಟರಿಗೆ ಒದ್ದೆ.

ಬುಧವಾರ ಹೋದಾಗ ವಕೀಲರು ಬಾಗಿಲಲ್ಲೇ ನಿಂತಿದ್ದರು. ಮರುದಿನ ಕೋರ್ಟಿಗೆ ಹಾಜರುಪಡಿಸಬೇಕಾದ ಅರ್ಜಿಯ ಒಂದಕ್ಷರವೂ ಟೈಪಾಗಿರಲಿಲ್ಲ. "ಸಾಕಾಯಿತು. ಕಂಪ್ಯೂಟರ್ ಕೋರ್ಸ್ ಮಾಡಿದ ಒಂದು ಹುಡುಗಿ ಇದ್ದಾಳೆ, ನಾಳೆಯಿಂದ ಬಾ ಅನ್ನುತ್ತೇನೆ. ಕುಸುಮಾಬಾಯಿಗೆ ಇನ್ನು ಇದೆಲ್ಲ ಆಗುವ ಮಾತಲ್ಲ," ಎಂದು ಮರಾಠಿಯಲ್ಲಿ ಅಂದರು. ಕೆಟ್ಟ ಮನುಷ್ಯರಲ್ಲ ಅವರು, ಸೋತು ಅಂದ ಮಾತು. ಆದರೆ ಕುಸುಮಾಬಾಯಿ ನಾಲ್ಕು ಮಾರು ದೂರದಲ್ಲೇ ಕೂತಿದ್ದರು. ಹೊಲಿಗೆ ಬಿಚ್ಚಿದ ಗೊಂಬೆಯ ಕೈಯ ಹಾಗೆ ಅವರ ಕೈ ತೊಡೆಯ ಮೇಲೆ ಬಿದ್ದಿತ್ತು.

ಅವತ್ತು ನಾನು ಯಂತ್ರ ಮುಟ್ಟಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ನೀವ ಚಾಲೂ ಮಾಡ್ರಿ ಬಾಯಾರ, ನಾ ಸುಮ್ನ ನೋಡ್ತೀನಿ," ಎಂದೆ.

ಅವರು ಸ್ವಿಚ್ ಹಾಕಿದರು. ಯಂತ್ರ 'ಬೀಪ್' ಎಂದಾಗ ಕತ್ತು ಒಂದಿಷ್ಟು ವಾಲಿಸಿ ಕೇಳಿಸಿಕೊಂಡರು. ತುಟಿ ಅಲುಗಿತು, ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಬಾಣದ ಕೀಯನ್ನು ಬೆರಳಿನಿಂದ ಹುಡುಕಿದರು. ಆ ಕೀಯ ಮೇಲೆ ಒಣಗಿದ ಅಂಟಿನ ಒಂದು ಹನಿಯಿತ್ತು. ಎರಡು ಸಲ ಕೆಳಗೆ, ಆಮೇಲೆ ಎಂಟರ್. ಮೆನು ಕಣ್ಣೆದುರಿಗೇ ಇತ್ತು, ಮುಖ ಮಾತ್ರ ಗೋಡೆಯ ಕಡೆ. ಸ್ವಲ್ಪ ಹೊತ್ತಿಗೆ ವಿಂಡೋಸಿನ ಸ್ವಾಗತದ ನಾದ ಕೇಳಿಸಿತು. ಅವರ ಮೋರೆ ಸಣ್ಣದಾಯಿತು.

"ಮೆನು ನೋಡದ ಯಾಕ ಒತ್ತತೀರಿ?" ಎಂದೆ.

"ನೋಡಿದ್ರ ಕಾಣಬೇಕಲ್ಲ ತಮ್ಮಾ," ಎಂದರು. ದನಿ ಏರಲಿಲ್ಲ, ಇಳಿಯಲಿಲ್ಲ. ವಕೀಲರಿಗೆ ಕನ್ನಡದ ಗಂಧವಿಲ್ಲ ಎಂಬ ಧೈರ್ಯದಲ್ಲಿ, ಸಂತೆಯಿಂದ ತಂದ ಬದನೆಕಾಯಿಯ ಸುದ್ದಿ ಹೇಳುವವರ ಹಾಗೆ ಹೇಳಿದರು. "ಮಾರಿ ನಗತಾ ಇಟ್ಕೋ. ಸಾಹೇಬ್ರು ನಮ್ಮ ಕಡೆನ ನೋಡ್ಲಿಕ್ಕತ್ತಾರ. ನಟ್ಟನಡುವಿನ ನೋಟ ಹೋಗಿ ಮೂರು ವರ್ಷ ಆತು. ಅಂಚಿನ್ಯಾಗ ಅಷ್ಟ ಕಾಣ್ತದ. ನೀ ಬಂದದ್ದು ಕಾಣ್ತದ, ನಿನ್ನ ಮಾರಿ ಕಾಣಂಗಿಲ್ಲ. ಇದಕ್ಕ ಔಷಧ ಇಲ್ಲ ಅಂದಾರ ಡಾಕ್ಟರು."

ನಗುವ ಮುಖ ಇಟ್ಟುಕೊಳ್ಳುವುದು ಅಷ್ಟು ಕಷ್ಟ ಎಂದು ನನಗೆ ಅವತ್ತೇ ಗೊತ್ತಾದದ್ದು. ನಗುತ್ತಲೇ ಕೇಳಿದೆ, "ಮತ್ತ ಸಾಹೇಬ್ರು ತಿದ್ದಿ ಕೊಟ್ಟಿದ್ದನ್ನ ಹೆಂಗ ಓದತೀರಿ?"

"ನಿಮ್ಮ ಅಕ್ಷರ ದೇವರಿಗೂ ತಿಳಿಯಂಗಿಲ್ಲ, ಬಾಯಿಲೆ ಹೇಳ್ರಿ ಅಂತೀನಿ. ಅವರ ಅಕ್ಷರ ನೋಡಿಯಲ್ಲ? ನನ್ನ ಪುಣ್ಯಾ!"

ಎಲ್ಲ ತಿಳಿಯಿತು. ಹಳೆಯ ಮೆನುವಿನಲ್ಲಿ ಎರಡು ಸಲ ಕೆಳಗೆ ಒತ್ತಿದರೆ ಮೂರನೆಯ ಸಾಲು, ಡಾಸ್. ಹೊಸ ಮೆನುವಿನಲ್ಲಿ ಇರುವುದೇ ಎರಡು ಸಾಲು. ಒಮ್ಮೆ ಒತ್ತಿದರೆ ಡಾಸ್, ಇನ್ನೊಮ್ಮೆ ಒತ್ತಿದರೆ ಆಯ್ಕೆ ತಿರುಗಿ ಮೊದಲ ಸಾಲಿಗೇ, ಅಂದರೆ ವಿಂಡೋಸಿಗೇ ಹೋಗುತ್ತದೆ. ಅವರು ದಿನಾ ಮಾಡುವುದನ್ನೇ ತಪ್ಪಿಲ್ಲದೆ ಮಾಡಿದ್ದರು. ಕತ್ತಲಲ್ಲಿ ಎಣಿಸಿಕೊಂಡು ಇಳಿಯುವವರ ಒಂದು ಮೆಟ್ಟಿಲನ್ನು ನಮ್ಮ ಅಪ್‌ಗ್ರೇಡ್ ಕಿತ್ತುಹಾಕಿತ್ತು.

"ಇನ್ನ ಮ್ಯಾಲೆ ಒಂದ ಸಲ ಕೆಳಗ ಒತ್ರಿ, ಆಮ್ಯಾಲೆ ಎಂಟರ್," ಎಂದೆ. ರಿಪೇರಿ ಅಷ್ಟೇ. ಅವರು ಒತ್ತಿದರು, ಡಾಸ್ ಬಂತು. ನಾದ ಕೇಳಿಸಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಸರಿಮಾಡಿಕೊಂಡು, ವಕೀಲರ ಕಡೆ ತಿರುಗಿ "ಸಾಂಗಾ ಸಾಹೇಬ" ಎಂದರು. ವಕೀಲರು ಹೇಳತೊಡಗಿದರು, ಅರ್ಜಿ ಮಧ್ಯಾಹ್ನದೊಳಗೆ ಮುಗಿಯಿತು. ಹುಡುಗಿಯ ಮಾತು ಅಲ್ಲಿಗೇ ನಿಂತಿತು.

ಏನಾಗಿತ್ತು ಎಂದು ವಕೀಲರು ಕೇಳಿದರು. ಅಪ್‌ಗ್ರೇಡಿನಲ್ಲಿ ಮೆನುವಿನ ಒಂದು ಸಾಲು ಬಿಟ್ಟುಹೋಗಿತ್ತು, ಬಾಯಿಯವರದೇನೂ ತಪ್ಪಿಲ್ಲ ಎಂದೆ. ಸುಳ್ಳಂತೂ ಅಲ್ಲ.

ಚಹಾದ ಹೊತ್ತಿನಲ್ಲಿ ಕುಸುಮಾಬಾಯಿಗೆ ಮೆಲ್ಲಗೆ ಹೇಳಿದೆ, "ಸಾಹೇಬ್ರಿಗೆ ಒಮ್ಮೆ ಹೇಳಿಬಿಡ್ರಿ. ಕೆಲಸದಿಂದ ತಗಿಯೂ ಮನುಷ್ಯಾ ಅಲ್ಲ ಅವರು."

"ತಗಿಯಂಗಿಲ್ಲ, ಖರೇ ಅದ. ಆದ್ರ ನಾಳಿಂದ ಎಲ್ಲಾರೂ ನನ್ನ ರಟ್ಟಿ ಹಿಡದು ಕುರ್ಚಿ ಮ್ಯಾಲೆ ಕೂಡಸ್ತಾರ. ಟೈಪಿಸ್ಟ್ ಕುಸುಮಾಬಾಯಿ ಹೋಗಿ ಕುರುಡಿ ಕುಸುಮಾಬಾಯಿ ಆಗ್ತೀನಿ. ಕೈ ಮುಗೀತೀನಿ ತಮ್ಮಾ, ಯಾರ ಮುಂದೂ ಅನಬ್ಯಾಡ." ನಾನು ಮಾತು ಕೊಟ್ಟೆ.

೨೦೦೩ರಲ್ಲಿ ವಕೀಲರ ಮಗ ಆಫೀಸಿಗೆ ಬಂದ. ಎಲ್ಲ ಹೊಸ ಕಂಪ್ಯೂಟರ್, ಹೊಸ ಪ್ರಿಂಟರ್, ಡಾಸ್ ಎಂಬ ಹೆಸರೇ ಇಲ್ಲ. ಆ ಕೆಲಸ ಬಂದದ್ದು ನನ್ನ ಕೈಗೇ. ಹಳೆಯದೊಂದು ಮೂಲೆಯಲ್ಲಿರಲಿ ಎಂದು ಕೇಳಿದೆ. "ಆ ಡಬ್ಬಾ ಇನ್ನೂ ಯಾಕೆ?" ಎಂದ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಬಂದಿದೆ ಎಂದು ಕುಸುಮಾಬಾಯಿಗೆ ಹೇಳಿ ನೋಡಿದೆ.

"ಅದು ನನಗ ಓದಿ ಹೇಳಿದ್ರ, ಉಳಿದವ್ರಿಗೂ ಹೇಳಿದಂಗ ಆತಲ್ಲ ತಮ್ಮಾ," ಎಂದರು.

ಹೊಸ ಯಂತ್ರಗಳು ಬರುವ ಮೊದಲೇ, ಇದೆಲ್ಲ ನನಗೆ ಒಗ್ಗುವುದಿಲ್ಲ ಎಂದು ಹೇಳಿ ಕೆಲಸ ಬಿಟ್ಟರು. ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟು ಕಳಿಸಿದರಂತೆ. ನಾನು ಮೇಜಿನ ಕೆಳಗೆ ಕೂತು ಕೇಬಲ್ ಜೋಡಿಸುತ್ತಿದ್ದಾಗ ಮಗ ನಗುತ್ತ, "ಬಾಯಿ ಹೊಸ ಕಂಪ್ಯೂಟರಿಗೆ ಹೆದರಿ ಓಡಿಹೋದರು, ಹಳೇ ಕಾಲದ ಜನ," ಎಂದ. ಎಲ್ಲರೂ ನಕ್ಕರು. ಒಂದೇ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕೇಬಲ್ಲಿನ ಸ್ಕ್ರೂ ಬಿಗಿ ಮಾಡಿದೆ.

ಮರುವರ್ಷ ಶಿವಾಜಿನಗರದ ಬಸ್‌ಸ್ಟಾಪಿನಲ್ಲಿ ಅವರನ್ನು ಕಂಡೆ. ಬಸ್ಸೊಂದು ಬಂದು ನಿಂತಿತು. ಇದು ಕಾತ್ರಜಕ್ಕೆ ಹೋಗುತ್ತದೆಯೇ ಎಂದು ಪಕ್ಕದ ತರುಣನನ್ನು ಕೇಳಿದರು. "ಮೇಲೆ ಬರೆದಿದೆಯಲ್ಲ ಆಜಿ, ಓದಲು ಬರುವುದಿಲ್ಲವೇ?" ಎಂದು ಅವನು ಮರಾಠಿಯಲ್ಲಿ ಗದರಿದ. ಹೈಕೋರ್ಟಿನವರೆಗೆ ಹೋಗುವ ಅರ್ಜಿಗಳನ್ನು ಕಾಮಾ ತಪ್ಪದೆ ಟೈಪ್ ಮಾಡಿದ್ದ ಕುಸುಮಾಬಾಯಿ, "ನಾಹೀ ರೇ ಬಾಳಾ, ಶಾಲೆಗೆ ಹೋದವಳಲ್ಲ ನಾನು," ಎಂದರು.

ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಹತ್ತಿರ ಹೋಗಿ, "ಕಾತ್ರಜದ್ದ ಅದ, ಹತ್ರಿ ಬಾಯಾರ," ಎಂದೆ. ದನಿಯಿಂದ ಗುರುತು ಹಿಡಿದು, ನನ್ನ ಭುಜದಾಚೆ ಎಲ್ಲೋ ನೋಡುತ್ತ ನಕ್ಕರು. "ನೀನಾ ತಮ್ಮಾ? ಅವಗ ಏನೂ ಅನಬ್ಯಾಡ," ಎಂದು ಬಸ್ಸು ಹತ್ತಿದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಕೆಲಸದಲ್ಲಿ ಇದ್ದಷ್ಟು ಕಾಲ ಅಪ್‌ಗ್ರೇಡ್ ಮಾಡಿದ ಮೇಲೆ ನಾನು ಯಾವ ಯಂತ್ರವನ್ನೂ ನಾನೇ ಚಾಲೂ ಮಾಡಿ ತೋರಿಸಿ ಬರಲಿಲ್ಲ. ದಿನಾ ಅದರ ಮುಂದೆ ಕೂರುವವರನ್ನೇ ಕೂರಿಸಿ, ಪಕ್ಕದಲ್ಲಿ ಸುಮ್ಮನೆ ಕೂತು ಅವರ ಕೈ ನೋಡಿದೆ. 'ದೋಷ ಕಂಡುಬಂದಿಲ್ಲ' ಎಂದು ಮತ್ತೆಂದೂ ಬರೆಯಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು. ಕುಸುಮಾಬಾಯಿ ತೀರಿಕೊಂಡರೆಂದು ಅವರ ತಮ್ಮ ಹೇಳಿದ ಮೇಲೆ, ಕೊಟ್ಟ ಮಾತಿನ ಅವಧಿ ಮುಗಿಯಿತೆಂದು ನಾನೇ ತೀರ್ಮಾನಿಸಿಕೊಂಡು ಇದನ್ನು ಬರೆದಿದ್ದೇನೆ. ಆವತ್ತು ಮೇಜಿನ ಕೆಳಗೆ ನುಂಗಿಕೊಂಡ ಮಾತು ಇನ್ನೂ ಬಾಕಿ ಇತ್ತು: ಆ ಹೆಣ್ಣುಮಗಳು ಯಾವ ಯಂತ್ರಕ್ಕೂ ಹೆದರಿ ಹೋದವರಲ್ಲ.