ಹಲ್ಲು ಡಾಕ್ಟರ ಕುರ್ಚಿಯಲ್ಲಿ ಟವೆಲ್ ವ್ಯಾಪಾರ

ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಎಂಥ ಗಂಡಸೂ ಚಿಕ್ಕ ಮಗುವಾಗುತ್ತಾನೆ. ಇವತ್ತು ಮುಳಬಾಗಿಲಿನ ಹಲ್ಲಿನ ಡಾಕ್ಟರ ಬಳಿ, ದವಡೆ ಹಿಡಿದು ಸರದಿ ಕಾಯುತ್ತ ಕೂತಾಗ ನನಗಾದದ್ದೂ ಅದೇ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು ಕಾವ್ಯ. ಒಂದು ಕಾಲಕ್ಕೆ ಇದೇ ಬಾಗಿಲಿಗೆ ಅವಳನ್ನು ನಾನು ಹೊತ್ತು ತಂದಿದ್ದೆ.

ಆಗ ಅವಳಿಗೆ ಆರು ವರ್ಷ. ಹಲ್ಲು ಹುಳುಕಾಗಿ, ಕೀವು ತುಂಬಿ, ಕೆನ್ನೆ ಬನ್ನಿನಂತೆ ಊದಿತ್ತು. ಹೊರಡುವಾಗ ನಮ್ಮಮ್ಮ, "ಏಮೀ ಲೇದಮ್ಮಾ, ಏನೂ ಇಲ್ಲ, ಬರೀ ಹಲ್ಲು ಎಣಿಸಿ ಕಳಿಸ್ತಾರೆ" ಎಂದು ಮುದ್ದು ಮಾಡಿ ಕಳಿಸಿದ್ದರು. ಕುರ್ಚಿ ಹತ್ತಿದ ಮಗು ಸೂಜಿ ಕಂಡಿತು, ಬಾಯಿ ಮುಚ್ಚಿತು. ನಾನು ಬಿಡುತ್ತೇನೆಯೇ? ಸೀಮೆಹಸುವಿನ ದಲ್ಲಾಳಿ ನಾನು. ನರಸಾಪುರದಿಂದ ಆಂಧ್ರದ ಗಡಿಯವರೆಗೆ ಎಂಥೆಂಥ ಜಿಗುಟು ಗಿರಾಕಿಗಳನ್ನು ಒಪ್ಪಿಸಿದವನು. ಬಲೂನು ಕೊಡಿಸ್ತೀನಿ ಎಂದು ಶುರುಮಾಡಿ, ಬೊಂಬೆಗೆ ಏರಿ, ಸೈಕಲ್ಲಿಗೆ ಬಂದೆ. ನಾನು ಏರಿಸಿದಷ್ಟೂ ಅವಳ ಭಯ ಏರಿತು. ಏರದೆ ಏನು? ಹಸುವಿನ ಜೊತೆ ಹಗ್ಗ, ಹಾಲಿನ ಕ್ಯಾನು ಎಲ್ಲ ಪುಕ್ಕಟೆ ಎಂದರೆ ಹಸುವಿನಲ್ಲೇ ಏನೋ ಐಬಿದೆ ಎಂದು ಯಾರಿಗಾದರೂ ಹೊಳೆಯುತ್ತದೆ.

ಬಾವು ಕಾಯುವುದಿಲ್ಲ, ಇವತ್ತು ಆಗದಿದ್ದರೆ ಕೋಲಾರಕ್ಕೆ ಕರೆದೊಯ್ದು ಪ್ರಜ್ಞೆ ತಪ್ಪಿಸಿಯೇ ಕೀಳಿಸಬೇಕು ಎಂದು ಡಾಕ್ಟರಮ್ಮ ನನಗೆ ಮೆಲ್ಲಗೆ ಹೇಳಿದರು. ಆಮೇಲೆ ಮಗುವಿನ ಎದುರು ಕೂತು, ಸೂಜಿ ಇರುವೆ ಕಚ್ಚಿದಂತೆ ಚುರುಕ್ಕೆನ್ನುತ್ತದೆ, ತುಟಿ ದಪ್ಪವಾದಂತೆ ಅನಿಸುತ್ತದೆ, ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು.

"ನಿಲ್ಸಲ್ಲ. ಅಜ್ಜಿನೂ ಸುಳ್ಳು ಹೇಳಿದ್ರು," ಎಂದಳು ಕಾವ್ಯ, ಕಚ್ಚಿದ ಹಲ್ಲು ಬಿಡದೆಯೇ.

ನಾನು ಹೆಗಲ ಟವೆಲ್ ತೆಗೆದು ಅವಳ ಮಡಿಲಿಗೆ ಹಾಸಿ, ಅದರ ಕೆಳಗೆ ಕೈಯಿಟ್ಟೆ. ದನದ ಸಂತೆಯಲ್ಲಿ ನಾವು ಬೆಲೆ ಕಟ್ಟುವುದು ಹೀಗೆಯೇ, ಟವೆಲ್ ಮರೆಯಲ್ಲಿ ಬೆರಳು ಹಿಡಿದು. ಅಲ್ಲಿ ಆದ ಮಾತಿಗೆ ಯಾರೂ ತಪ್ಪುವಂತಿಲ್ಲ. ನನ್ನ ಜೊತೆ ಸಂತೆ ಸುತ್ತಿದ ಮಗಳಿಗೆ ಅದು ಗೊತ್ತಿತ್ತು.

"ಸಾಕು ಅನ್ಸಿದ್ರೆ ನನ್ನ ಬೆರಳು ಅದುಮು ಕಣೇ. ನಾನು ನಿಲ್ಲಿಸ್ತೀನಿ."

ಡಾಕ್ಟರಮ್ಮ ಕನ್ನಡಿ ಎತ್ತುವಷ್ಟರಲ್ಲೇ ಅದುಮಿದಳು. ನಿಲ್ಲಿಸಿ ಎಂದೆ, ನಿಲ್ಲಿಸಿದರು. ಮತ್ತೆ ಅದುಮಿದಳು, ಮತ್ತೆ ನಿಂತಿತು. ಕೊಳ್ಳುವವನು ಹಸುವಿನ ಸುತ್ತ ಬಂದು ನೋಡಿದಂತೆ ನಮ್ಮಿಬ್ಬರನ್ನೂ ಪರೀಕ್ಷಿಸಿ, ಆಮೇಲೆ ತಾನೇ ಬಾಯಿ ತೆರೆದಳು. ಸೂಜಿ ಚುಚ್ಚಿದಾಗ ಅವಳು ಅದುಮಿದ ರಭಸಕ್ಕೆ ನನ್ನ ಬೆರಳು ನುಜ್ಜಾಯಿತು. ನಿಲ್ಲಿಸಿ ಎಂದೆ, ಡಾಕ್ಟರಮ್ಮ ಕೈ ತಡೆದರು. ಅವಳು ಉಸಿರು ಬಿಟ್ಟು, ಮುಂದುವರಿಸಿ ಎಂದು ತಲೆಯಾಡಿಸಿದಳು. ಹಲ್ಲು ಕಿತ್ತು ಬಂತು. ಸೈಕಲ್ಲನ್ನೂ ಅವಳು ಮರೆಯಲಿಲ್ಲ.

ಅಂದಿನಿಂದ, ಮಕ್ಕಳನ್ನು ಕರೆತರುವ ಎಲ್ಲರಿಗೂ ಕೇಳದಿದ್ದರೂ ಹೇಳುತ್ತೇನೆ: ನೋವೇ ಆಗಲ್ಲ ಎನ್ನಬೇಡಿ. ತಡೆಯುವ ಅಧಿಕಾರವನ್ನು ಮಗುವಿನ ಕೈಗೇ ಕೊಡಿ, ಅದು ಸುಮ್ಮನೆ ಒಂದೆರಡು ಸಲ ಬಳಸಿ ನೋಡಿದರೆ ಬೈಯಬೇಡಿ.

ನನ್ನ ಸರದಿ ಬಂತು. ಕುರ್ಚಿಯಲ್ಲಿ ಒರಗಿದವನೇ ಕೇಳಿದೆ, "ಡಾಕ್ಟ್ರೇ, ಇವತ್ತು ಬರೀ ನೋಡ್ತೀರಿ ತಾನೇ?"

ಅವರಿಗಿಂತ ಮೊದಲು ಮಗಳು ಹೇಳಿದಳು: "ಇಲ್ಲಪ್ಪ, ಕೀಳ್ತಾರೆ. ಸೂಜಿನೂ ಇದೆ. ನೋವಾದ್ರೆ ಹೇಳು, ನಿಲ್ಸೋಣ."

ಕುರ್ಚಿಯ ಹಿಡಿ ಬಿಟ್ಟು ಬಾಯಿ ತೆರೆದೆ.